ಆಕಾಶಕ್ಕೆ ಕಟ್ಟಿದ ನಿಂಬೆಹಣ್ಣು

ಬೆಸಗರಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಪುಟ್ಟಮಾದಮ್ಮ ಯಾರಿಗೂ ಹೆದರುವ ಹೆಂಗಸಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಬೇಳೆ ಕಡಿಮೆ ಬಂದ ದಿನ ಸೌಟು ಹಿಡಿದುಕೊಂಡೇ ಹೆಡ್‌ಮೇಷ್ಟ್ರ ಮುಂದೆ ಹೋಗಿ ನಿಲ್ಲುತ್ತಿದ್ದಳು. ನೀರಿನಂಥ ಸಾರು ಮಾಡಿ ಮಕ್ಕಳಿಗೆ ಬಡಿಸಲು ತನಗೇನು ದಾಡಿ ಬಂದಿದೆಯಾ ಎಂದು ಕೇಳುತ್ತಿದ್ದಳು. ಬೇಳೆ ಬರುತ್ತಿತ್ತು.

ಇಂಥವಳಿಗೂ ಒಂದು ಭಯವಿತ್ತು, ಅದು ದೃಷ್ಟಿಯ ಭಯ. ಮನೆಗೆ ಹೊಸದಾಗಿ ಏನು ಬಂದರೂ, ಮೇಕೆಮರಿಯಾಗಲಿ, ಫ್ಯಾನಾಗಲಿ, ಗ್ಯಾಸ್ ಒಲೆಯಾಗಲಿ, ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕರಿದಾರಕ್ಕೆ ಪೋಣಿಸಿ ಕಟ್ಟಿಬಿಡಬೇಕು. ಗಂಡ ಮರಿಸಿದ್ದಯ್ಯ ಅಂಬೇಡ್ಕರರದೂ ಬುದ್ಧನದೂ ಫೋಟೋ ತಂದು ಗೋಡೆಗೆ ಹಾಕಿದಾಗ ಆ ಮೊಳೆಗೂ ಒಂದು ನಿಂಬೆಹಣ್ಣು ಬಿತ್ತು. ಯಾವುದನ್ನು ಬೇಡ ಎಂದು ಅವರು ಹೇಳಿದರೋ ಅದನ್ನೇ ತಂದು ಅವರ ಕೊರಳಿಗೆ ಕಟ್ಟಿದ್ದೀಯಲ್ಲೇ ಎಂದು ಮರಿಸಿದ್ದಯ್ಯ ತಲೆ ಚಚ್ಚಿಕೊಂಡ. ಅವಳು ಕೇಳಬೇಕಲ್ಲ.

ಒಬ್ಬನೇ ಮಗ ಮಹದೇವು. ಅವನು ಅಪ್ಪನ ಕಡೆ. ಮಂಡ್ಯದ ಎಂಜಿನಿಯರಿಂಗ್ ಕಾಲೇಜಿಗೆ ಸೇರಿ, ಓಡಾಟಕ್ಕೆಂದು ಹಳೇ ಬೈಕೊಂದನ್ನು ತಂದ ದಿನ ಅವ್ವ ಕಟ್ಟಿದ ನಿಂಬೆಹಣ್ಣನ್ನು ಬಿಚ್ಚಿ, ಹಿಂಡಿ, ಸಕ್ಕರೆ ಹಾಕಿ ಕದಡಿ ಅವಳ ಕೈಗೇ ಕೊಟ್ಟಿದ್ದ.

"ಕುಡಿಯವ್ವ. ನಿಂಬೆಅಣ್ಣು ಇರಾದು ಇದ್ಕೆ. ಬೈಕ್‌ಗೆ ಕಟ್ಟಾಕಲ್ಲ."

"ನಗು ನಗು. ನಿಂಗೆಲ್ಲಾ ತಮಾಸೆ," ಎಂದು ಬೈದುಕೊಂಡೇ ಪುಟ್ಟಮಾದಮ್ಮ ಪಾನಕ ಕುಡಿದಳು. ಚೆನ್ನಾಗಿಯೂ ಇತ್ತು. ಮತ್ತೆ ಆ ಬೈಕಿಗೆ ಕಟ್ಟಲು ಹೋಗಲಿಲ್ಲ.

ಮಹದೇವುವಿನ ತಲೆಗೆ ಗಾಳಿಯ ವಿಚಾರ ಹೊಕ್ಕಿದ್ದು ಕಾಲೇಜಿನಲ್ಲಲ್ಲ, ಆಲೆಮನೆಯಲ್ಲಿ. ಮರಿಸಿದ್ದಯ್ಯನ ಕೆಲಸ ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವುದು. ಸಿಪ್ಪೆ ಹಸಿಯಾಗಿದ್ದರೆ ಮಾಲೀಕ ಹಳೇ ಟೈರಿನ ತುಂಡೂ ಹಾಕಿಸುತ್ತಿದ್ದ. ಕಪ್ಪು ಹೊಗೆ ಏಳುತ್ತಿತ್ತು, ಮರಿಸಿದ್ದಯ್ಯ ಕೆಮ್ಮುತ್ತಿದ್ದ. ಚಿಕ್ಕವನಿದ್ದಾಗ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೋದ ಮಹದೇವು ಕೊಪ್ಪರಿಗೆಯ ಪಕ್ಕ ನಿಂತು ಕೇಳಿದ್ದ.

"ಅಪ್ಪೋ, ಈ ಒಗೆ ಎಲ್ಲಿಗ್ ಓಯ್ತದೆ?"

"ಮ್ಯಾಕ್ಕೆ."

"ಮ್ಯಾಕ್ಕೆ ಅಂದ್ರೆ ಎಲ್ಲಿಗೆ?"

"ಓಗಿ ನೋಡ್ಕಬಾ ಓಗ್ಲಾ," ಎಂದಿದ್ದ ಮರಿಸಿದ್ದಯ್ಯ. ಕೆಲಸದ ಹೊತ್ತಿನಲ್ಲಿ ತಲೆ ತಿನ್ನುವ ಮಕ್ಕಳಿಗೆ ಹೇಳುವ ಮಾತು ಅಷ್ಟೆ. ಆದರೆ ಆ ಹುಡುಗ ಅದನ್ನು ನಿಜವಾಗಿಯೂ ತಲೆಗೆ ಹಚ್ಚಿಕೊಂಡುಬಿಟ್ಟ.

ಕೊನೆಯ ವರ್ಷದಲ್ಲಿ ಮಹದೇವು, ಅವನ ಜೊತೆಯವರಾದ ಸ್ವರೂಪ್ ಮತ್ತು ದೀಪಿಕ, ಮೂವರೂ ಸೇರಿ ಒಂದು ದೊಡ್ಡ ರಬ್ಬರ್ ಬಲೂನನ್ನು ಆಕಾಶಕ್ಕೆ ಬಿಡುವುದೆಂದು ತೀರ್ಮಾನಿಸಿದರು. ಬಲೂನಿನ ಕೆಳಗೆ ಒಂದು ಕೆಂಪು ಪ್ಯಾರಾಚೂಟು, ಅದರ ಕೆಳಗೆ ಒಂದು ಥರ್ಮೋಕೋಲ್ ಡಬ್ಬಿ. ಡಬ್ಬಿಯೊಳಗೆ ಇಂಗಾಲದ ಅನಿಲ, ಓಝೋನ್ ಇಂಥವನ್ನೆಲ್ಲ ಅಳೆಯುವ ಸೆನ್ಸರ್‌ಗಳು. ಏರುತ್ತ ಏರುತ್ತ ಯಾವ ಎತ್ತರದಲ್ಲಿ ಯಾವ ಅನಿಲ ಎಷ್ಟಿದೆ ಎಂಬುದೆಲ್ಲ ಒಳಗಿನ ಮೆಮೊರಿ ಕಾರ್ಡಿನಲ್ಲಿ ಕೂಡುತ್ತದೆ. ರೇಡಿಯೋ ಹೇಳುವುದು ಡಬ್ಬಿ ಎಲ್ಲಿದೆ ಎಂಬುದನ್ನು ಮಾತ್ರ. ಬಲೂನು ಮೇಲೆ ಒಡೆದುಹೋಗುತ್ತದೆ, ಡಬ್ಬಿ ಇಳಿದು ಬರುತ್ತದೆ, ಹುಡುಕಿ ತಂದರೆ ಉಂಟು, ಇಲ್ಲದಿದ್ದರೆ ಇಲ್ಲ.

"ಎಷ್ಟ್ ಎತ್ರಕ್ಕ್ ಓಯ್ತದ್ಲಾ ಅದು?" ಎಂದು ಪುಟ್ಟಮಾದಮ್ಮ ಕೇಳಿದಳು.

"ಇಲ್ಲಿಂದ ಮದ್ದೂರು, ಮದ್ದೂರಿಂದ ಮಂಡ್ಯ. ಅಷ್ಟ್ ದೂರಾನ ಎತ್ತಿ ಮ್ಯಾಲಕ್ಕ್ ನಿಲ್ಸವ್ವ."

ಪುಟ್ಟಮಾದಮ್ಮ ಬಸ್ಸಿನಲ್ಲಿ ಅಷ್ಟು ದೂರ ಹೋಗುವ ಹೊತ್ತನ್ನು ನೆನೆದು, ಆಕಾಶ ನೋಡಿದಳು.

ಡಬ್ಬಿಯನ್ನು ಅವನು ಕಟ್ಟಿದ್ದು ಇವಳ ಅಡುಗೆಮನೆಯಲ್ಲೇ, ನೆಲದ ಮೇಲೆ ಕೂತು. ಥರ್ಮೋಕೋಲ್ ಕುಯ್ದು ಬಿಸಿ ಅಂಟಿನಿಂದ ಹಚ್ಚುವಾಗ ಒಂದು ಮೂಲೆಯನ್ನು ಅಂಟು ಆರುವ ಮೊದಲೇ ಒತ್ತಿ ಹೆಬ್ಬೆರಳು ಸುಟ್ಟುಕೊಂಡ. ಅವನ ಬೆರಳಿನ ಗೆರೆ ಅಂಟಿನಲ್ಲಿ ಹಾಗೇ ಕೂತುಬಿಟ್ಟಿತು. ಪುಟ್ಟಮಾದಮ್ಮ ಸುಟ್ಟ ಬೆರಳಿಗೆ ಜೇನುತುಪ್ಪ ಸವರುತ್ತ, ಓದಿದ ಮಕ್ಕಳಿಗೆ ಬಿಸಿ ಯಾವುದು ತಣ್ಣಗಿನದು ಯಾವುದು ಎಂಬುದೂ ಗೊತ್ತಾಗುವುದಿಲ್ಲವಾ ಎಂದು ರೇಗಿದಳು.

ಒಂದು ಸೆನ್ಸರ್ ಬಾಕಿ ಇತ್ತು. ಅದನ್ನು ತರಲು ಮಹದೇವು ಬೈಕಿನಲ್ಲಿ ಬೆಂಗಳೂರಿಗೆ ಹೋದ. ಬರುವಾಗ ಮುಸ್ಸಂಜೆ. ನಿಡಘಟ್ಟದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಅಡ್ಡ ಒಂದು ಕಲ್ಲಿಲ್ಲ, ಒಂದು ಸೊಪ್ಪಿನ ಕೊಂಬೆಯನ್ನಾದರೂ ಮುರಿದು ಹಾಕೋಣ ಎಂಬ ಬುದ್ಧಿ ಆ ಪುಣ್ಯಾತ್ಮನಿಗೆ ಬರಲಿಲ್ಲ. ಟೀ ಕುಡಿಯಲು ಹೋಗಿದ್ದನಂತೆ. ಮಹದೇವು ಸೀದಾ ಹೋಗಿ ಕಬ್ಬಿನ ಜಲ್ಲೆಗಳಿಗೆ ಗುದ್ದಿದ. ಮದ್ದೂರು ಆಸ್ಪತ್ರೆಗೆ ತರುವಷ್ಟರಲ್ಲಿ ಮುಗಿದುಹೋಗಿತ್ತು. ಜರ್ಕಿನ್ನಿನಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟಿದ್ದ ಸೆನ್ಸರಿಗೆ ಏನೂ ಆಗಿರಲಿಲ್ಲ. ಕಾಯಬೇಕಾದುದನ್ನು ಬಿಟ್ಟು ಇದನ್ನು ಕಾದೆಯಲ್ಲ ಎಂದು ಯಾರನ್ನು ಬೈಯಬೇಕು?

ಮಣ್ಣು ಮಾಡಿ ಬಂದ ಮೇಲೆ ಪುಟ್ಟಮಾದಮ್ಮ ಆಡಿದ್ದು ಒಂದೇ ಮಾತು.

"ನಿಂಬೆಅಣ್ಣು ಬಿಚ್ಬುಟ್ಟ ಕಣಯ್ಯ. ನಾನೂ ಸುಮ್ಕಾಗ್ಬುಟ್ಟೆ."

"ನಿಂಬೆಅಣ್ಣು ಟ್ರ್ಯಾಕ್ಟ್ರಿಗೆ ಲೈಟ್ ಆಕ್ಕೊಡ್ತಿತ್ತಾ?" ಎಂದು ಮರಿಸಿದ್ದಯ್ಯ ಒರಟಾಗಿ ಕೇಳಿ, ಆಮೇಲೆ ಗೋಡೆ ಕಡೆ ತಿರುಗಿ ಕೂತು ಅತ್ತ. ಅವಳು ಅಳಲಿಲ್ಲ. ಆ ಪಾನಕದ ರುಚಿ ಬಾಯಿಗೆ ಬಂದಂತಾಗಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು.

ಡಬ್ಬಿ ಅಡುಗೆಮನೆಯ ಅಟ್ಟದ ಮೇಲಿತ್ತು. ಶಾಲೆಯಿಂದ ಬಂದು ಕೈ ತೊಳೆದು ಅದನ್ನು ಇಳಿಸಿಕೊಳ್ಳುವುದು, ಆ ಮೂಲೆಯಲ್ಲಿನ ಗೆರೆಗಳ ಮೇಲೆ ತನ್ನ ಹೆಬ್ಬೆರಳು ಇಡುವುದು, ಹಾಗೇ ಕೂತಿರುವುದು. ಮಗನ ಬಟ್ಟೆಬರೆ ಮನೆಯಲ್ಲಿತ್ತು, ಪುಸ್ತಕಗಳಿದ್ದವು, ಆದರೆ ಅವನ ಮೈಯ ಗುರುತು ಎಂದು ಉಳಿದಿದ್ದು ಈ ಡಬ್ಬಿಯ ಮೂಲೆಯೊಂದೇ.

ಹೀಗಿರುವಾಗ ದೀಪಿಕ ಮತ್ತು ಸ್ವರೂಪ್ ಮನೆಗೆ ಬಂದರು. ಬಲೂನು ಬಿಡುತ್ತೇವೆ, ಮಹದೇವು ಹೆಸರಲ್ಲೇ ಬಿಡುತ್ತೇವೆ, ಅವನು ತಂದ ಸೆನ್ಸರನ್ನು ಅವನೇ ಕಟ್ಟಿದ ಡಬ್ಬಿಯಲ್ಲಿಟ್ಟು ಕಳಿಸುತ್ತೇವೆ ಎಂದರು.

"ಡಬ್ಬಿ ಕೊಡಕಿಲ್ಲ. ಬ್ಯಾರೇದ್ ಮಾಡ್ಕಳಿ," ಎಂದಳು ಪುಟ್ಟಮಾದಮ್ಮ.

ಕೆಮ್ಮುತ್ತ ಕೂತಿದ್ದ ಮರಿಸಿದ್ದಯ್ಯ ತಲೆ ಎತ್ತಿದ. "ಕೊಟ್ಬುಡು. ಅವ್ನು ಅದ ಅಟ್ಟದ್ ಮ್ಯಾಲೆ ಮಡುಗ್ಲಿ ಅಂತ ಕಟ್ನಿಲ್ಲ."

"ವಾಪಸ್ ಬರುತ್ತೆ ಅಮ್ಮ," ಎಂದ ಸ್ವರೂಪ್. "ಕಾರ್ಡು ನಾವು ತಗೋತೀವಿ. ಡಬ್ಬಿ ತಂದು ನಿಮ್ಮ ಕೈಗೇ ಕೊಡ್ತೀವಿ. ನಾನು ಮಾತು ಕೊಡ್ತೀನಿ."

ಅವಳು ಕೊಟ್ಟಳು. ಕೊಟ್ಟ ಮೇಲೆ ಮನೆ ಬಿಕೋ ಎಂದಿತು. ಡಬ್ಬಿ ಹೋಗಿ ಬರಬೇಕು, ಬಂದೇ ಬರಬೇಕು, ಇನ್ನೊಂದನ್ನು ದಾರಿಯಲ್ಲಿ ಕಳೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬಲೂನು ಬಿಡುವ ಬೆಳಿಗ್ಗೆ ಕಾಲೇಜಿನ ಮೈದಾನಕ್ಕೆ ಅವಳೂ ಹೋದಳು. ಸೆರಗಿನಲ್ಲಿ ಗಂಟು ಹಾಕಿಕೊಂಡು ಹೋಗಿದ್ದು ಒಂದು ನಿಂಬೆಹಣ್ಣು, ಮೆಣಸಿನಕಾಯಿ, ಒಂದು ಚಿಟಿಕೆ ವಿಭೂತಿ, ಕುಂಕುಮ, ಮಹದೇವುವಿನ ಚೌಕುಳಿ ಅಂಗಿಯಿಂದ ಹರಿದ ಒಂದು ಉದ್ದ ಪಟ್ಟಿ. ಸ್ವರೂಪ್ ತಕ್ಕಡಿ ನೋಡಿ ತಲೆ ಕೆರೆದುಕೊಂಡ. ತೂಕ ಜಾಸ್ತಿಯಾಗುತ್ತದೆ, ಮೇಲಿನ ಚಳಿಗೆ ಹಣ್ಣು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ ಎಂದ. ಆದರೆ ಆ ತಾಯಿಯ ಮುಖ ನೋಡಿಕೊಂಡು ಬೇಡ ಎನ್ನುವ ಎದೆ ಯಾರಿಗಿದ್ದೀತು? ಕಾಲೇಜಿನ ಹೆಸರಿದ್ದ ಚಿಕ್ಕ ಬಾವುಟವನ್ನು ಬಿಚ್ಚಿ ಆ ತೂಕದಲ್ಲಿ ನಿಂಬೆಹಣ್ಣು ಹೊಂದಿಸಿದರು.

ಪುಟ್ಟಮಾದಮ್ಮ ತನ್ನ ಕೈಯಾರೆ ಕಟ್ಟಿದಳು. ಅಂಗಿಯ ಪಟ್ಟಿಯನ್ನು ಡಬ್ಬಿಗೆ ಎರಡು ಸುತ್ತು ಸುತ್ತಿ, ಕೂಸಿಗೆ ಸೊಂಟದ ದಾರ ಕಟ್ಟುವ ಹಾಗೆ ಬಿಗಿದು, ಕುಂಕುಮ ವಿಭೂತಿ ಹಚ್ಚಿ, ನಿಂಬೆಹಣ್ಣು ಇಳಿಬಿಟ್ಟಳು. ಡಬ್ಬಿಯ ಪಕ್ಕದಲ್ಲಿ ಹುಡುಗರು ಒಂದು ಚೀಟಿ ಅಂಟಿಸಿದ್ದರು. ಇದು ವಿದ್ಯಾರ್ಥಿಗಳ ಪ್ರಯೋಗ, ಅಪಾಯವಿಲ್ಲ, ಸಿಕ್ಕವರು ದಯವಿಟ್ಟು ಫೋನ್ ಮಾಡಿ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದಿತ್ತು. ಪಟ್ಟಿ ಸರಿಯಾಗಿ ಅದರ ಮೇಲೇ ಕೂತಿತು. ಓದು ಬಾರದ ಅವಳಿಗೆ ಅದು ಗೊತ್ತಾಗಲಿಲ್ಲ. ಓದು ಬಂದವರೆಲ್ಲ ಬಲೂನಿಗೆ ಗ್ಯಾಸು ತುಂಬುವ ಗಡಿಬಿಡಿಯಲ್ಲಿದ್ದರು.

ಬಲೂನು ಎದ್ದಿತು. ಹಲಸಿನಹಣ್ಣಿನಷ್ಟಿದ್ದದ್ದು ಬಟಾಣಿಯಾಯಿತು, ಸಾಸಿವೆಯಾಯಿತು, ಕಣ್ಣಿಗೆ ಸಿಗದಾಯಿತು. "ಹುಷಾರಾಗ್ ಓಗ್ಬುಟ್ ಬಾ," ಎಂದಳು ಪುಟ್ಟಮಾದಮ್ಮ, ಪಕ್ಕದಲ್ಲಿದ್ದ ದೀಪಿಕಳಿಗೆ ಮಾತ್ರ ಕೇಳುವಂತೆ.

ಲ್ಯಾಪ್‌ಟಾಪಿನಲ್ಲಿ ಎತ್ತರ ಏರುತ್ತ ಹೋಯಿತು. ಮೂವತ್ತು ಕಿಲೋಮೀಟರ್ ಮುಟ್ಟಿದಾಗ ಹುಡುಗರೆಲ್ಲ ಕುಣಿದಾಡಿದರು. ಆಮೇಲೆ ಬಲೂನು ಒಡೆದು ಡಬ್ಬಿ ಇಳಿಯತೊಡಗಿತು. ಮಳವಳ್ಳಿ ದಾಟಿ, ಹಲಗೂರು ಕಡೆ, ಒಂದು ಗುಡ್ಡದ ಮರೆಗೆ ಬಂದದ್ದೇ ರೇಡಿಯೋ ನಿಂತುಹೋಯಿತು. ಸ್ವರೂಪ್ ಒಂದು ಕಾರು ಹೊಂದಿಸಿದ. ಸಂಜೆಯವರೆಗೂ ಗದ್ದೆ ಬದು, ಮಾವಿನ ತೋಪು, ಕೆರೆ ಅಂಗಳ ಎಲ್ಲ ಸುತ್ತಿದರು, ಸಿಗಲಿಲ್ಲ. ಮಾರನೆಯ ದಿನ ಪುಟ್ಟಮಾದಮ್ಮ ಶಾಲೆಗೆ ರಜಾ ಹೇಳಿ ತಾನೂ ಬರುತ್ತೇನೆಂದು ಹೊರಟು ನಿಂತಳು.

ಒಂದು ಹಳ್ಳಿಯ ಹೊರಗೆ ರೇಷ್ಮೆಸೊಪ್ಪಿನ ತೋಟಕ್ಕೆ ನೀರು ಕಟ್ಟುತ್ತಿದ್ದ ನಾಗಯ್ಯನೆಂಬ ಮುದುಕ ದೀಪಿಕಳ ಫೋನಿನಲ್ಲಿದ್ದ ಡಬ್ಬಿಯ ಚಿತ್ರ ನೋಡಿ ಹಿಂದಕ್ಕೆ ಸರಿದ. "ಇದಾ? ಇದು ನಮ್ ಇಂದ್ರಮ್ಮನ್ ಇತ್ಲಲ್ಲಿ ಬಿದ್ದಿತ್ತಲ್ಲ," ಎಂದು ಮನೆ ತೋರಿಸಿದ. ತಾನು ಮಾತ್ರ ಜೊತೆಗೆ ಬರಲಿಲ್ಲ. ಪುಟ್ಟಮಾದಮ್ಮನ ಕಾಲಿಗೆ ಚಕ್ರ ಕಟ್ಟಿದ ಹಾಗಾಯಿತು. ಸಿಕ್ಕಿತು, ಸಿಕ್ಕಿತು ಎಂದುಕೊಂಡೇ ನಡೆದಳು. ಸ್ವರೂಪ್ ಕಾರು ತಿರುಗಿಸಿ ನಿಲ್ಲಿಸಲು ಹೋದ, ಹೆಂಗಸರಿಬ್ಬರೂ ಮನೆಯ ಮುಂದೆ ಬಂದರು.

ಇಂದ್ರಮ್ಮ ಒಳ್ಳೆಯ ಆಳು. ಕಾಲೇಜಿನವರು ಎಂದ ಕೂಡಲೇ ಜಗುಲಿಗೆ ಚಾಪೆ ಹಾಸಿದಳು. ಯಾವೂರು, ಯಾರ ಪೈಕಿ ಎಂದು ಪುಟ್ಟಮಾದಮ್ಮನನ್ನು ಕೇಳಿದಳು, ಪುಟ್ಟಮಾದಮ್ಮ ಹೇಳಿದಳು. ಕಾಫಿ ಇಬ್ಬರಿಗೂ ಕಾಗದದ ಲೋಟದಲ್ಲಿ ಬಂತು. ದೀಪಿಕಳಿಗೆ ಅದರಲ್ಲೇನೂ ಕಾಣಲಿಲ್ಲ. ಪುಟ್ಟಮಾದಮ್ಮನಿಗೆ ಕಂಡಿತು, ಆದರೆ ಇವತ್ತು ಅವಳಿಗೆ ಬೇಕಾದದ್ದು ಲೋಟವಲ್ಲ. ಅವಳು ಕಾಫಿಯನ್ನು ಪಕ್ಕಕ್ಕಿಟ್ಟು ಡಬ್ಬಿ ಎಲ್ಲಿ ಎಂದು ಕೇಳಿದಳು.

"ಅಯ್ಯೋ, ಅದ್ಯಾಕ್ ಕೇಳೀಯೆ," ಎಂದು ಇಂದ್ರಮ್ಮ ಸೆರಗು ಸರಿಮಾಡಿಕೊಂಡು ಕೂತಳು. "ನನ್ ಮಗ್ಳು ವೀಣ ಬಾಣಂತಿ, ಒಳ್ಗವ್ಳೆ. ಕೂಸುಟ್ಟಿ ಇನ್ನೂ ತಿಂಗ್ಳಾಗಿಲ್ಲ. ಮೊದಲ್ನೇದು ನಿಲ್ನಿಲ್ಲ ಕಣವ್ವ, ಮೂರೇ ದಿನ್ಕೆ ಓಯ್ತು. ಈಗ ಇದೊಂದ ಕಣ್ಣಲ್ಲಿ ಕಣ್ಣಿಟ್ ಕಾಯ್ತಿವ್ನಿ. ನೆನ್ನೆ ಬಟ್ಟೆ ಒಣಗಾಕನ ಅಂತ ಇತ್ಲಿಗ್ ಓದ್ರೆ ನುಗ್ಗೆಮರುಕ್ಕೆ ಕೆಂಪು ಬಟ್ಟೆ ಸಿಕ್ಕಾಕಂಡದೆ. ಕೆಳ್ಗೊಂದು ಬಿಳೀ ಡಬ್ಬಿ. ಒಳ್ಗೆ ಅದೇನೋ ಕೆಂಪ್ ದೀಪ ಮಿಣುಕ್ ಮಿಣುಕ್ ಅಂತದೆ. ಮೈ ತುಂಬ ಕುಂಕ್ಮ, ಬೂದಿ. ಗಂಡಸ್ರ ಅಂಗಿ ಚೂರು ಬ್ಯಾರೆ. ನಿಂಬೆಅಣ್ಣು ಕೊಳ್ತು ಕರ್ರಗಾಗಿ ತೊಟ್ಟಿಕ್ತಾ ಅದೆ. ಇನ್ನೇನ್ ಬೇಕು ಏಳು. ಯಾರೋ ಕೂಸಿನ್ ಮ್ಯಾಲೆ ಮಾಟ ಮಾಡ್ಸವ್ರೆ."

ದೀಪಿಕ ಲೋಟವನ್ನು ನೆಲಕ್ಕಿಟ್ಟಳು. "ಆಂಟಿ, ಪಕ್ಕದಲ್ಲಿ ಚೀಟಿ ಇತ್ತಲ್ಲ. ಬಟ್ಟೆ ಬಿಚ್ಚಿ ನೋಡ್ಲಿಲ್ವಾ?"

"ಮಾಟದ್ದ ಯಾರಾರ ಮುಟ್ಟಾರಾ ಮಗ? ಕೋಲಲ್ಲಿ ಇಳ್ಸಿ, ಕೋಲಲ್ಲೇ ನಾಲೆತಂಕ ತಳ್ಕಂಡೋದೆ. ಬೈಕಿಂದ ಪೆಟ್ರೋಲ್ ಬುಡಿಸ್ಕಂಡು ಉಯ್ದು ಸುಟ್ಬುಟ್ಟೆ. ಬೂದಿನೂ ಮಡುಗ್ಬಾರ್ದು ಅಂತ ನೀರ್ಗ್ ಬುಟ್ಟೆ. ಮೂರ್ ಇಡಿ ಮಣ್ ತೂರ್ದೆ. ಇದ ಕಳಿಸ್ದೋಳ್ ಮಗ ಮಣ್ಣಾಗೋಗ್ಲಿ ಅಂದೆ. ಬಾಯ್ತುಂಬ ಅಂದೆ ಕಣವ್ವ. ಎದೆ ತಣ್ಗಾಯ್ತು."

ಪುಟ್ಟಮಾದಮ್ಮನಿಗೆ ಮೊದಲು ತಿಳಿದದ್ದು ಡಬ್ಬಿ ಇಲ್ಲ ಎಂಬುದು. ಹಿಂದೆಯೇ ಇನ್ನೊಂದು ತಿಳಿಯಿತು. ಬರಿಯ ಬಿಳೀ ಡಬ್ಬಿಯಾಗಿ ಬಿದ್ದಿದ್ದರೆ ಈ ಹೆಂಗಸು ಚೀಟಿ ಓದಿ ಫೋನು ಮಾಡುತ್ತಿದ್ದಳು, ಜೋಪಾನವಾಗಿ ಎತ್ತಿಡುತ್ತಿದ್ದಳು. ಸುಟ್ಟದ್ದು ಡಬ್ಬಿಯನ್ನಲ್ಲ, ತಾನು ಕಟ್ಟಿದ ನಿಂಬೆಹಣ್ಣನ್ನು. ಮೂವತ್ತು ಕಿಲೋಮೀಟರ್ ಮೇಲಿನ ಚಳಿ ಏನೂ ಮಾಡಲಿಲ್ಲ, ಬಿದ್ದ ಪೆಟ್ಟು ಏನೂ ಮಾಡಲಿಲ್ಲ, ತಾಯಿಯ ಕೈ ಮಾಡಿತು. ಮಹದೇವು ಇದ್ದಿದ್ದರೆ ಆ ಹಣ್ಣನ್ನು ಬಿಚ್ಚಿಹಾಕುತ್ತಿದ್ದ.

"ಅದು ಮಾಟ ಅಲ್ಲ ಆಂಟಿ, ಅದು ಇವ್ರ..." ಎಂದು ದೀಪಿಕ ಎದ್ದೇಬಿಟ್ಟಳು. ಪುಟ್ಟಮಾದಮ್ಮ ಅವಳ ಮುಂಗೈ ಹಿಡಿದು ಕೂರಿಸಿದಳು.

"ಮಾಟ ಅಲ್ಲ ಕಣಮ್ಮ," ಎಂದಳು. ದನಿ ತನ್ನದೇ ಎಂದು ಅವಳಿಗೇ ಅನಿಸಲಿಲ್ಲ. "ಕಾಲೇಜ್ ಉಡುಗ್ರು ಗಾಳಿ ಅಳಿಯಾಕೆ ಬುಟ್ಟಿದ್ದು. ನನ್ ಮಗ ಕಟ್ಟಿದ್ ಡಬ್ಬಿ. ಒಸ ಗಾಡಿಗೆ ಕಟ್ಟಕಿಲ್ವಾ, ಅಂಗೆ ನಾನೇ ನಿಂಬೆಅಣ್ಣು ಕಟ್ಟಿ ಕಳಿಸ್ದೆ. ನಿನ್ ಕೂಸಿಗೇನೂ ಆಗಕಿಲ್ಲ. ಎದ್ರುಕಬ್ಯಾಡ."

ಇಂದ್ರಮ್ಮನ ಮುಖ ಮೊದಲು ಹಗುರಾಯಿತು. ಮರುಕ್ಷಣ ರಕ್ತ ಇಳಿದುಹೋಯಿತು. ತಪ್ಪಿಲ್ಲದವರಿಗೆ ತಟ್ಟಿದ ಶಾಪ, ಹಾಕಿದವರ ಮನೆಗೇ ಹಿಂದಿರುಗುತ್ತದೆ ಎಂಬ ನಂಬಿಕೆ ಆ ಜಗುಲಿಯ ಮೇಲಿದ್ದ ಇಬ್ಬರು ತಾಯಂದಿರಿಗೂ ಇತ್ತು.

"ನಿನ್ ಮಗುಂಗೆ ಅಂದ್ಬುಟ್ನೇನವ್ವ ನಾನು," ಎಂದು ಇಂದ್ರಮ್ಮ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. ಕಾಗದದ ಲೋಟ ಉರುಳಿ ಕಾಫಿ ಚಾಪೆಗೆಲ್ಲ ಚೆಲ್ಲಿತು. ಅವಳು ಅದನ್ನು ನೋಡಲೂ ಇಲ್ಲ. "ತಿಳೀದೆ ಅಂದೆ ಕಣವ್ವ. ಚೆನ್ನಾಗವ್ನಾ? ನಿನ್ ಮಗ ಚೆನ್ನಾಗವ್ನಾ ಏಳು."

ಪುಟ್ಟಮಾದಮ್ಮನ ಬಾಯಿ ತುದಿಗೆ ನಿಜ ಬಂದಿತ್ತು. ಒಂದು ಮಾತು ಸಾಕಿತ್ತು. ಸತ್ತ ಕಣೇ, ನೀನು ಮಣ್ಣು ತೂರುವ ಮೊದಲೇ ಮಣ್ಣಾದ, ಅವನದು ಅಂತ ಉಳಿದಿದ್ದ ಗೆರೆಯನ್ನೂ ನೀನು ಸುಟ್ಟೆ, ಈಗ ನೀನೂ ಬೇಯಿ ಎನ್ನಬಹುದಿತ್ತು. ಅನ್ನಬೇಕು ಎಂದು ಆಸೆಯೂ ಆಯಿತು. ಒಳ್ಳೆಯವಳು ಅಂತ ಅವಳನ್ನು ಹೊಗಳಲು ನಾನು ಇದನ್ನು ಹೇಳುತ್ತಿಲ್ಲ. ಆ ಹೊತ್ತಿಗೆ ಅವಳ ಮನಸ್ಸಿನಲ್ಲಿದ್ದದ್ದು ಸಿಟ್ಟೇ. ಅಷ್ಟರಲ್ಲಿ ಒಳಗೆ ಕೂಸು ಅತ್ತಿತು. ವೀಣ ಶ್ ಶ್ ಎಂದು ತಟ್ಟುವುದು ಕೇಳಿಸಿತು. ಇಂದ್ರಮ್ಮನ ಕಣ್ಣು ಒಳಗೆ ಹೋಗಿ ಮತ್ತೆ ಇವಳ ಮುಖಕ್ಕೆ ಬಂದು ನಿಂತಿತು.

"ಚೆನ್ನಾಗವ್ನೆ," ಎಂದಳು ಪುಟ್ಟಮಾದಮ್ಮ.

ಆಡಿದ ಮೇಲೆ ಆ ಮಾತು ನಾಲಿಗೆಗೆ ಹಿತವಾಯಿತು. ಇಷ್ಟು ದಿನ ಕಂಡವರೆಲ್ಲ ತಲೆ ತಗ್ಗಿಸಿ, ದನಿ ತಗ್ಗಿಸಿ ಕೇಳುತ್ತಿದ್ದರು. ಹೀಗೆ ನೇರವಾಗಿ, ಇರುವವನನ್ನು ಕೇಳುವ ಹಾಗೆ ಯಾರೂ ಕೇಳಿರಲಿಲ್ಲ.

"ದೇವ್ರು ದೊಡ್ಡೋನು," ಎಂದು ಇಂದ್ರಮ್ಮ ಉಸಿರು ಬಿಟ್ಟಳು. "ಎಷ್ಟ್ ವರ್ಸ?"

"ಇಪ್ಪತ್ತೊಂದು. ಕಡೇ ವರ್ಸ ಓದ್ತಾವ್ನೆ."

"ಒಬ್ನೇಯಾ?"

"ಒಬ್ನೇ. ಮಾತ್ ಕೇಳಕಿಲ್ಲ. ಬೈಕಲ್ಲಿ ಜೋರಾಗ್ ಓಯ್ತನೆ. ಬೈದ್ರೆ ನಗ್ತಾನೆ." ಪುಟ್ಟಮಾದಮ್ಮ ನಿಲ್ಲಿಸಲಿಲ್ಲ. "ಇವತ್ತು ಕೋಳಿ ಸಾರ್ ಮಾಡು ಅಂದವ್ನೆ. ಬ್ಯಾಗ ಓಗಿ ಮಾಡ್ಬೇಕು."

ದೀಪಿಕ ಮುಖ ತಿರುಗಿಸಿ ಬೀದಿ ನೋಡುತ್ತ ಕೂತಳು. ಇಂದ್ರಮ್ಮ ಒಳಗೆ ಹೋಗಿ ಹಿತ್ತಲ ನುಗ್ಗೆಕಾಯಿ ಒಂದು ಕಟ್ಟು ತಂದು, ಮಗನಿಗೆ ಹುಳಿ ಮಾಡಿ ಹಾಕು ಎಂದು ಕೊಟ್ಟಳು. ಪುಟ್ಟಮಾದಮ್ಮ ಸೆರಗೊಡ್ಡಿ ಇಸಿದುಕೊಂಡಳು.

ವಿಷಯ ತಿಳಿದ ಸ್ವರೂಪ್ ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲವೆಂದು ಬಿಕ್ಕುತ್ತ ಕಾರು ಓಡಿಸುತ್ತಿದ್ದ. ಹಿಂದಿನ ಸೀಟಿನಲ್ಲಿ ನುಗ್ಗೆಕಾಯಿ ತಬ್ಬಿಕೊಂಡು ಪುಟ್ಟಮಾದಮ್ಮ ಅಳುತ್ತಿದ್ದಳು. ಮಗನ ಮಣ್ಣಿನ ದಿನವೂ ಬಾರದ ಅಳು, ದನಿ ತೆಗೆದು, ನಿಲ್ಲದೆ.

"ಯಾಕಮ್ಮ ಸುಳ್ಳು ಹೇಳಿದ್ರಿ?" ಎಂದು ದೀಪಿಕ ಮಳವಳ್ಳಿ ಬಂದ ಮೇಲೆ ಕೇಳಿದಳು. "ಅವ್ರಿಗೆ ಗೊತ್ತಾಗ್ಬೇಕಿತ್ತು."

ಪುಟ್ಟಮಾದಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಅದೊಂದ್ ಮನೇಲಾರ ಬದ್ಕಿರ್ಲಿ ಬುಡವ್ವ."